ಜೂನ್ ತಿಂಗಳ ಬಾವಿ

ಒದ್ದೆಯಾದ ಕತ್ತದ ಹಗ್ಗದ ವಾಸನೆ ಎಲ್ಲಿ ಬಂದರೂ ನನಗೆ ಬೇಲೆಕೇರಿಯ ಬಾವಿಕಟ್ಟೆ ನೆನಪಾಗುತ್ತದೆ. ಆ ಬಾವಿ ನಮ್ಮದಲ್ಲ, ಅಪ್ಪ ದುಡಿಯುತ್ತಿದ್ದ ಗದ್ದೆಯ ಒಡೆಯರದು. ಕೊಡಪಾನ ಮೇಲೆ ಬಂದೊಡನೆ ಅಪ್ಪ ನೀರು ಕುಡಿಯುತ್ತಿರಲಿಲ್ಲ. ಬೊಗಸೆಯಲ್ಲಿ ಹಿಡಿದು ಮೊದಲು ಮೂಸುತ್ತಿದ್ದ, ಆಮೇಲೆ ನಾಲಗೆಯ ತುದಿಗೆ ತಾಗಿಸುತ್ತಿದ್ದ. ಹಗ್ಗದ ವಾಸನೆ, ಚಿರೆಕಲ್ಲಿನ ಸಂದಿಯ ಪಾಚಿಯ ವಾಸನೆ, ಎಲ್ಲಕ್ಕೂ ಅಡಿಯಲ್ಲಿ ತೆಳ್ಳಗೆ ಉಪ್ಪು. “ಸಮುದ್ರ ಎಲ್ಲೀವರೆಗೆ ಬಂದದೆ ನೋಡ್ತೆ ಮಗಾ,” ಅನ್ನುತ್ತಿದ್ದ.

ಅರವತ್ತೆಂಟನೆಯ ವಯಸ್ಸಿನಲ್ಲಿ ಮಗಳಿಗೂ ಮೊಮ್ಮಗಳಿಗೂ ಕಾರವಾರದಲ್ಲಿ ಬಾಡಿಗೆ ಮನೆ ಹುಡುಕಲು ಹೊರಟಾಗ ನಾನೂ ಹಾಗೆಯೇ ಮನೆಮನೆಯ ಬಾವಿಯ ನೀರು ಮೂಸಿದೆ. ಅಪ್ಪನಿಂದ ಕಲಿತದ್ದು ಅದೊಂದು. ಅರ್ಧ ಮಾತ್ರ ಕಲಿತಿದ್ದೆ ಎಂದು ಆಮೇಲೆ ತಿಳಿಯಿತು.

ಮಗಳು ಸುಮಿತಾಗೆ ಮದುವೆಯಾಗಿ ಹತ್ತು ವರ್ಷಕ್ಕೆ ಮಗು ಹುಟ್ಟಿತ್ತು. ಹೆಸರು ಪ್ರಣಿತಾ, ಏಳು ತಿಂಗಳು. ಸುಮಿತಾಳ ಹೆರಿಗೆ ರಜೆ ಮುಗಿಯುತ್ತ ಬಂದಿತ್ತು; ದಾಂಡೇಲಿಯಿಂದ ಕಾರವಾರದ ಕಚೇರಿಗೆ ವರ್ಗವೂ ಆಗಿತ್ತು. ಎರಡು ವರ್ಷವಾದರೂ ಅಲ್ಲಿರಬೇಕು. ಅಳಿಯ ರಾಜೇಶ ಗೋವಾದಲ್ಲಿ ಹಡಗು ಕಟ್ಟುವಲ್ಲಿ ಕೆಲಸಕ್ಕಿದ್ದಾನೆ, ಶನಿವಾರ ರೈಲಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಾನೆ. ಅಂಕೋಲೆಯಲ್ಲಿ ನನ್ನ ಸ್ವಂತ ಮನೆ ಇದೆ. ಆದರೆ ಮಧ್ಯಾಹ್ನ ಒಮ್ಮೆ ಬಂದು ಮಗುವಿಗೆ ಹಾಲು ಕೊಡಬೇಕು ಅನ್ನುವವಳಿಗೆ ಅಂಕೋಲೆ ದೂರ. ಹಾಗಾಗಿ ನಾನೇ ನನ್ನ ಮನೆಗೆ ಬೀಗ ಹಾಕಿ ಅವಳ ಜೊತೆ ಇರುವುದು ಎಂದು ನಾನು ತೀರ್ಮಾನಿಸಿದ್ದೆ. ಅವಳು ಹೂಂ ಅಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ನಾನು ಹಳೆಯ ವಾಯಿಲ್ ಸೀರೆಗಳನ್ನು ಕತ್ತರಿಸಿ ಒಗೆದು ಮಡಚಿಟ್ಟೆ. ಮಗುವಿನ ಸ್ನಾನಕ್ಕೆ ತಾಮ್ರದ ಹಂಡೆಗೆ ಕಲಾಯಿ ಹಾಕಿಸಿದೆ. ಮಗುವನ್ನು ತೂಗುವ ಬಟ್ಟೆಯ ಜೋಳಿಗೆ ಕಟ್ಟಲು ಹೊಸ ಹಗ್ಗ ತಂದೆ.

ಈ ಉತ್ಸಾಹಕ್ಕೆ ಕಾರಣವಿತ್ತು. ಸುಮಿತಾಳನ್ನು ನಾನು ಬೆಳೆಸಲಿಲ್ಲ.

ಅವಳು ಹುಟ್ಟಿದಾಗ ನಾನು ಕಾರವಾರದ ಒಂದು ಹೈಸ್ಕೂಲಿನಲ್ಲಿ ಕಲಿಸುತ್ತಿದ್ದೆ. ಗದ್ದೆಕೆಲಸದವರ ಮನೆಯಿಂದ ಕಾಲೇಜು ಹತ್ತಿದ ಹುಡುಗಿ. ಆ ಕೆಲಸವನ್ನು ಹಲ್ಲುಕಚ್ಚಿ ಹಿಡಿದುಕೊಂಡಿದ್ದೆ. ಗಂಡ ಮಹಾಬಲೇಶ್ವರ, ಈಗ ಅವರಿಲ್ಲ, ಆಗ ಅವರ್ಸಾದಲ್ಲಿ ತನ್ನ ತಾಯಿಯ ಜೊತೆ ಗದ್ದೆ ನೋಡಿಕೊಳ್ಳುತ್ತಿದ್ದರು. ನಾನು ಕೂಸನ್ನು ಕಟ್ಟಿಕೊಂಡು ಕೋಡಿಬಾಗದಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದೆ. ಮಾರ್ಚ್ ಹೊತ್ತಿಗೆ ಅಲ್ಲಿಯ ಬಾವಿ ಉಪ್ಪಾಯಿತು. ಕೂಸಿನ ಮೈಯೆಲ್ಲ ಕೆಂಪು ಗುಳ್ಳೆ, ಭೇದಿಯೂ ನಿಲ್ಲಲಿಲ್ಲ. ಏಪ್ರಿಲ್‌ನಲ್ಲಿ ಅವರ್ಸಾಕ್ಕೆ ಒಯ್ದು ಅತ್ತೆಯ ಮಡಿಲಲ್ಲಿ ಹಾಕಿ ಬಂದೆ, ಎರಡು ತಿಂಗಳಿಗೆ ಎಂದು. ಆಮೇಲೆ ಅವಳು ಅಲ್ಲಿಯೇ ದೊಡ್ಡವಳಾದಳು. ಅತ್ತೆಗೆ ಆಯಿ ಎನ್ನುತ್ತಿದ್ದಳು. ನಾನು ಶನಿವಾರದ ಬಸ್ಸಿಗೆ ಬಿಸ್ಕಿಟ್ ಪೊಟ್ಟಣ ಹಿಡಿದು ಹೋದರೆ ಓಣಿಯ ಜನ “ಅಕ್ಕೋರು ಬಂದ್ರು” ಅನ್ನುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಮಗಳೂ ಅದನ್ನೇ ಕಲಿತು “ಅಕ್ಕೋರು ಬಂದ್ರು” ಎಂದು ಒಳಗೆ ಓಡುತ್ತಿದ್ದಳು. ಭಾನುವಾರ ಸಂಜೆ ನಾನು ಹೊರಟಾಗ ಅತ್ತೆ ಅಲ್ಯೂಮಿನಿಯಂ ಡಬ್ಬಿಯಲ್ಲಿ ಅನ್ನ, ಮೀನಿನ ಸಾರು ಹಾಕಿ ಬಟ್ಟೆ ಕಟ್ಟಿ ಅವಳ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಅವಳು ಎರಡೂ ಕೈಯಲ್ಲಿ ಡಬ್ಬಿ ಹಿಡಿದು, ಸಾರು ಚೆಲ್ಲದ ಹಾಗೆ ನೆಲ ನೋಡುತ್ತ ಬಸ್ಸಿನವರೆಗೆ ಬರುತ್ತಿದ್ದಳು.

ಎಲ್ಲಿ ಯಾರು ಕೇಳಿದರೂ ನಾನು ಹೇಳಿದ್ದು ಒಂದೇ. ಕೋಡಿಬಾಗದ ನೀರು ಉಪ್ಪು, ಕೂಸಿಗೆ ಆಗಲಿಲ್ಲ. ಸುಮಿತಾಗೂ ಹಾಗೆಯೇ ಹೇಳಿದ್ದೆ. ಅಮ್ಮ ಎಂದು ಕರೆಯಲು ಅವಳು ಮುಂದೆ ಕಲಿತಳು, ಆದರೆ ನನಗೆ ಬಹುವಚನವನ್ನು ಬಿಡಲಿಲ್ಲ. ಆಯಿಯನ್ನು ಸಾಯುವವರೆಗೂ ‘ನೀನು’ ಎನ್ನುತ್ತಿದ್ದಳು.

ಅಕ್ಟೋಬರ್‌ನಲ್ಲಿ, ನವರಾತ್ರಿ ಕಳೆದ ವಾರ, ಮೂವರೂ ಕಾರವಾರಕ್ಕೆ ಹೋದೆವು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ರಿಕ್ಷಾದವನ ಹೆಸರು ವಿನೋದ. ಬಿಸಿಲು ಮಗುವಿನ ಮುಖಕ್ಕೆ ಬೀಳುತ್ತದೆಂದು ತನ್ನ ಹೆಗಲ ಟವೆಲನ್ನೇ ಪಕ್ಕಕ್ಕೆ ಇಳಿಬಿಟ್ಟು ಕಟ್ಟಿದ. ಹೊಂಡ ಬಂದಲ್ಲೆಲ್ಲ “ಸ್ವಲ್ಪ ಹಿಡ್ಕಳ್ಳಿ” ಎಂದು ಮೊದಲೇ ಹೇಳುತ್ತಿದ್ದ.

“ಕೋಡಿಬಾಗ ಬೇಡ,” ಎಂದು ನಾನು ಮೊದಲೇ ಹೇಳಿಬಿಟ್ಟೆ.

“ನೀವು ಹೇಳ್ದಾಂಗೆ,” ಅಂದಳು ಸುಮಿತಾ.

ಹಬ್ಬುವಾಡದಲ್ಲಿ ಮಹಡಿಯ ಮನೆ. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಒಡತಿ ಮಗುವನ್ನು ನೋಡಿದವರೇ ಮುಖ ಸಣ್ಣ ಮಾಡಿದರು. “ಕೂಸು ಅಂದ್ರೆ ದಿನಾ ಎಣ್ಣೆ, ಧೂಪದ ಹೊಗೆ. ಗ್ಯಾಲರಿಯಲ್ಲಿ ಬಟ್ಟೆ ಒಣಗ್ಸೂದು. ಜೋಳಿಗೆ ಕಟ್ಟೂಕೆ ಸ್ಲ್ಯಾಬಿಗೆ ತೂತು ಹಾಕ್ತ್ರಿ. ನಮ್ಗೆ ಆಗೂದಿಲ್ಲ ನೋಡಿ.” ಅಷ್ಟು ಹೇಳಿ ಒಳಗೆ ಹೋದವರು ಮಗುವಿಗೆಂದು ಬಟ್ಟಲಲ್ಲಿ ಕಾಸಿ ಆರಿಸಿದ ನೀರು ತಂದರು, ಜೊತೆಗೆ ಒಂದು ಬೆಳ್ಳಿಯ ಚಮಚ. ಮಗು ಕುಡಿದು ಮುಗಿಸುವ ತನಕ ಬಾಗಿ ನಿಂತು ನೋಡಿದರು. ಮನೆ ಮಾತ್ರ ಕೊಡಲಿಲ್ಲ.

ಕಾಜುಬಾಗದಲ್ಲಿ ಒಬ್ಬರು ಊರು ಕೇಳಿದರು, ಊರಿನೊಳಗೆ ಕೇರಿ ಕೇಳಿದರು, ಮನೆದೇವರು ಯಾವುದು ಎಂದರು. ಉತ್ತರ ಸಿಕ್ಕಿದ ಮೇಲೆ, ಮನೆಯನ್ನು ಅಣ್ಣನ ಮಗನಿಗೆ ಮಾತು ಕೊಟ್ಟಿದ್ದು ಈಗ ನೆನಪಾಯಿತು ಎಂದರು. ಮೂವತ್ತೈದು ವರ್ಷಗಳ ಹಿಂದೆಯೂ ಅದೇ ಪ್ರಶ್ನೆಗಳಿದ್ದವು, ಅದೇ ಸರತಿಯಲ್ಲಿ. ಆಗ ನಾನು ತಲೆ ತಗ್ಗಿಸಿ ಬಂದಿದ್ದೆ. ಸುಮಿತಾ ತಗ್ಗಿಸಲಿಲ್ಲ. “ನಿಮ್ಮ ಅಣ್ಣನ ಮಗನಿಗೆ ಒಳ್ಳೇದಾಗ್ಲಿ,” ಎಂದು ನಕ್ಕು ಚಪ್ಪಲಿ ಹಾಕಿದಳು.

ಮೂರನೆಯದು ಸುಂಕೇರಿ; ನಮ್ಮನ್ನು ಅಲ್ಲಿ ಇಳಿಸಿ ವಿನೋದ ಹೊರಟುಹೋದ. ಕಿಶನ, ಲಲಿತಾ ಎಂಬ ವಯಸ್ಸಾದ ಗಂಡಹೆಂಡತಿ. ಅವರ ಮನೆಯ ಪಕ್ಕಕ್ಕೇ ಹಂಚಿನ ಮಾಡಿನ ಮೂರು ಕೋಣೆ. ಲಲಿತಾ ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೊಟ್ಟರು. ಊರು ಕೇಳಿದರು, ಕೇರಿ ಕೇಳಲಿಲ್ಲ. ಮಾಡಿಗೆ ಗಟ್ಟಿ ಜಂತಿ ಇತ್ತು, ಜೋಳಿಗೆ ಕಟ್ಟಬಹುದು. ಬಚ್ಚಲಿನಲ್ಲಿ ಹಂಡೆ ಕೂರಿಸಲು ಒಲೆಯೂ ಇತ್ತು. ಮೂರನೆಯ ಕೋಣೆಯ ಕಿಟಕಿಯಿಂದ ಗಾಳಿ ಬರುತ್ತಿತ್ತು. ಅಲ್ಲಿ ನನ್ನ ಮಂಚ, ಪಕ್ಕದಲ್ಲಿ ಮಗುವಿನ ಬಟ್ಟೆಯ ಪೆಟ್ಟಿಗೆ ಎಂದು ಮನಸ್ಸಿನಲ್ಲೇ ಎಲ್ಲವನ್ನೂ ಇಟ್ಟು ನೋಡಿದೆ. ಹಿತ್ತಲಲ್ಲಿ ಬಾವಿ. ಸೇದಿದೆ, ಮೂಸಿದೆ, ಕುಡಿದೆ. ಎಳನೀರಿನ ಹಾಗಿತ್ತು.

“ಸಮುದ್ರ ಇಲ್ಲಿಂದ ದೂರ,” ಎಂದು ಮಗಳಿಗೆ ಹೇಳಿದೆ. “ಇದೇ ಆಗ್ಲಿ. ಈ ಸಲ ತಪ್ಪು ಮಾಡೂದು ಬೇಡ.”

ಸುಮಿತಾ ಜಂತಿ ನೋಡುತ್ತಿದ್ದಳು. ಮೊದಲ ಬಾರಿಗೆ ಅವಳ ಮುಖ ಸಡಿಲವಾಗಿತ್ತು. “ನಿಮ್ಗೆ ಆ ಕೋಣೆ ಸಾಕಾಗ್ತದಾ ಅಮ್ಮ?” ಎಂದು ಕೇಳಿದಳು.

ಆ ಒಂದು ಪ್ರಶ್ನೆಗಾಗಿ ನಾನು ಎಷ್ಟು ವರ್ಷ ಕಾದಿದ್ದೆನೋ. ಸಾಕು ಎಂದೆ.

ಆಗ ಗೇಟಿನಲ್ಲಿ ಮೀನಿನವಳು ಕೂಗಿದಳು. ಲಲಿತಾ ತಟ್ಟೆ ತಂದರು, ಅವಳು ಮೆಟ್ಟಿಲಿನಲ್ಲಿ ಬುಟ್ಟಿ ಇಳಿಸಿ ಕುಳಿತಳು. ಹೆಸರು ಮಂಜಿ. ಚಿತ್ತಾಕುಲದವಳು, ಮೂವತ್ತು ವರ್ಷದಿಂದ ಕಾರವಾರದ ಮನೆಮನೆಗೆ ಮೀನು ಹೊತ್ತವಳು. ಬಂಗಡೆ ಎಣಿಸುತ್ತಲೇ ನಮ್ಮನ್ನು ಅಳೆದಳು.

“ಬಾಡಿಗೆಗೆ ಬಂದವ್ರಾ?”

“ಹೌದು. ಬಾವಿ ನೀರು ಬಹಳ ಚಲೋ ಅದೆ,” ಎಂದೆ.

“ನೀವು ಅಕ್ಕೋರಾ?”

“ಹ್ಯಾಂಗೆ ಗೊತ್ತಾಯ್ತು?”

“ನೀರಿಗೂ ಮಾರ್ಕು ಕೊಡ್ತಿದ್ರಲ್ಲ, ಹಾಂಗಾಗಿ.” ಅವಳು ತಾನೇ ಜೋರಾಗಿ ನಕ್ಕಳು. “ಅಕ್ಕೋರೇ, ಮಳಿ ನಿಂತು ತಿಂಗಳಾಗ್ಲಿಲ್ಲ. ಈಗ ಹಾಳುಬಾವಿ ನೀರೂ ಸೀನೇ. ಹೋಳಿ ಹುಣ್ಣಿಮೆ ಕಳೀಲಿ, ಆಮೇಲೆ ಬಂದು ಕುಡೀರಿ.”

“ಇಲ್ಲಿಗೆ ಸಮುದ್ರ ಎಲ್ಲಿ?”

“ಸಮುದ್ರ ಮುಂದಿಲ್ಲ. ಹೊಳೆ ಹಿಂದದೆಯಲ್ಲ? ಭರತಿ ಬಂದು ಸಮುದ್ರ ಉಬ್ಬಿತಂದ್ರೆ ಕಾಳಿ ಹೊಳೆಯೊಳಗೇ ಉಪ್ಪು ಏರ್ತದೆ. ಲಲಿತಾಬಾಯಿನೇ ಕೇಳಿ. ಏಪ್ರಿಲ್‌ನಲ್ಲಿ ಈ ನೀರಿಗೆ ಚಾ ಮಾಡೂಕೆ ಹೋದ್ರೆ ಹಾಲು ಒಡೀತದೆ.”

ಲಲಿತಾ ತಟ್ಟೆಯ ಮೀನುಗಳನ್ನು ತಿರುಗಿಸಿ ನೋಡತೊಡಗಿದರು. “ನಳದ ನೀರು ಬರ್ತದೆ, ದಿನ ಬಿಟ್ಟು ದಿನ,” ಎಂದರು ಮೆಲ್ಲಗೆ. “ನಾನೂ ಹೇಳಬೇಕು ಅಂತಿದ್ದೆ.”

ನನಗೆ ನಾಚಿಕೆಯಾಯಿತು. ಅಪ್ಪ ನೀರು ಮೂಸುತ್ತಿದ್ದುದು ಬೇಸಿಗೆಯಲ್ಲಿ. ನಾನು ಮೂಸುವುದನ್ನು ಕಲಿತೆ, ಯಾವಾಗ ಮೂಸಬೇಕು ಎಂಬುದನ್ನು ಮರೆತಿದ್ದೆ. ಆದರೆ ನನ್ನ ನಾಚಿಕೆ ಅಷ್ಟಕ್ಕೇ ಮುಗಿಯಲಿಲ್ಲ.

“ಮತ್ತೆ ಯಾವಾಗ ಸೀ ಆಗ್ತದೆ?” ಎಂದು ಸುಮಿತಾ ಕೇಳಿದಳು. ಮಂಜಿಗೆ ಕೇಳಿದ್ದಾದರೂ ನೋಡಿದ್ದು ಬಾವಿಯನ್ನು.

“ಮಿರ್ಗದ ಮಳಿ ಹಿಡೀತಲ್ಲ, ಜೂನಿಗೆ. ಹದಿನೈದು ದಿನ ಸಾಕು. ಮತ್ತೆ ಸಕ್ಕರೆ.”

“ಪ್ರತಿ ವರ್ಷ?”

“ಇಲ್ದಿದ್ರೆ ಈ ಊರಲ್ಲಿ ಜನ ಉಳೀತಿದ್ರೇನೇ ಬಾಯೇ? ವರ್ಷಪೂರ್ತಿ ಉಪ್ಪಿರೂ ಬಾವಿ ನಾನಂತೂ ನೋಡ್ಲಿಲ್ಲ.”

“ಕೋಡಿಬಾಗದಲ್ಲೂ?”

“ಕೋಡಿಬಾಗದಲ್ಲೂ ಅಷ್ಟೇ. ಜೂನ್ ಕಳೆದ್ರೆ ಅಲ್ಲಿಯ ನೀರು ಇದಕ್ಕಿಂತ ರುಚಿ.”

ಸುಮಿತಾ ಬಾವಿಯ ಕಡೆಯಿಂದ ತಿರುಗಿದಳು. ಕಿಶನ ಅವರಿಗೆ ತಿಳಿಸುತ್ತೇವೆ ಎಂದಳು, ಮಗುವನ್ನು ನನ್ನ ತೋಳಿನಿಂದ ತೆಗೆದುಕೊಂಡಳು. ನಾನು ಕೊಡಲು ಮುಂದೆ ಚಾಚಿರಲಿಲ್ಲ, ಅವಳೇ ತೆಗೆದುಕೊಂಡಳು.

ಬಸ್ಸು ನಿಲ್ಲುವ ಕಡೆ ಮರದ ಕೆಳಗೆ ಕಲ್ಲಿನ ಕಟ್ಟೆ ಇತ್ತು. ಕುಳಿತೆವು. ಮಗು ನಿದ್ದೆ ಹೋಗಿತ್ತು.

“ನಾನು ಹುಟ್ಟಿದ್ದು ಡಿಸೆಂಬರ್‌ನಲ್ಲಿ,” ಅಂದಳು ಸುಮಿತಾ. “ಏಪ್ರಿಲ್‌ನಲ್ಲಿ ಆಯಿ ಹತ್ರ ಬಿಟ್ರಿ. ನಾಲ್ಕು ತಿಂಗಳ ಕೂಸು.”

“ಹೌದು.”

“ಜೂನ್‌ನಲ್ಲಿ ನೀರು ಸೀ ಆಯ್ತಲ್ಲ?”

ನನ್ನ ಬಳಿ ಉತ್ತರಗಳಿದ್ದವು. ಶಾಲೆ ಶುರುವಾಗಿತ್ತು. ಎಂ.ಎ. ಪರೀಕ್ಷೆಗೆ ಕಟ್ಟಿದ್ದೆ. ಮಗುವನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಕೆಲಸ ಬಿಟ್ಟಿದ್ದಳು. ಎಲ್ಲವೂ ನಿಜ. ಮೂವತ್ತೈದು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು. ಕೇಳಿದ್ದನ್ನು ಬಿಟ್ಟು ಬೇರೆ ಬರೆದ ಉತ್ತರ ಹೇಗಿರುತ್ತದೆಂದು ನನಗೆ ಗೊತ್ತು.

ಆ ಜೂನ್ ನನಗೆ ಚೆನ್ನಾಗಿ ನೆನಪಿದೆ. ಮಳೆ ಹಿಡಿದು ಎರಡು ವಾರವಾಗಿತ್ತು. ಬೆಳಿಗ್ಗೆ ಕೊಡಪಾನ ಸೇದಿ ಬೊಗಸೆಯಲ್ಲಿ ಕುಡಿದೆ. ಸಿಹಿ. ಬಾವಿಕಟ್ಟೆಯ ಮೇಲೆ ಒಬ್ಬಳೇ ನಿಂತಿದ್ದೆ. ಇನ್ನೊಂದು ಬೊಗಸೆ ಕುಡಿದೆ. ಆಮೇಲೆ ಸ್ನಾನ ಮಾಡಿ, ಇಸ್ತ್ರಿ ಸೀರೆ ಉಟ್ಟು, ಕೊಡೆ ಹಿಡಿದು ಶಾಲೆಗೆ ಹೋದೆ. ನೀರು ಸಿಹಿಯಾದದ್ದನ್ನು ಯಾರಿಗೂ ಹೇಳಲಿಲ್ಲ. ಅವರ್ಸಾ ಒಂದು ಗಂಟೆಯ ದಾರಿ, ದಿನಾ ಬಸ್ಸಿನಲ್ಲಿ ಓಡಾಡಿ ಕೆಲಸ ಮಾಡುವವರೂ ಇದ್ದರು.

“ಆಯ್ತು,” ಎಂದೆ. “ನಾನು ತರ್ಲಿಲ್ಲ.”

“ಎಂತಕ್ಕೆ?”

“ನಿದ್ದೆ ಬರ್ತಿತ್ತು ಸುಮಿ. ನೀನು ಇಲ್ದಾಗ ಬೆಳಗಿನವರೆಗೆ ನಿದ್ದೆ ಬರ್ತಿತ್ತು. ಓದೂಕೆ ಆಗ್ತಿತ್ತು. ಇನ್ನೊಂದು ತಿಂಗಳು ಅಂದ್ಕಂಡೆ.”

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಮಗುವಿನ ಟೊಪ್ಪಿಯ ದಾರ ಬಿಚ್ಚಿ ಮತ್ತೆ ಕಟ್ಟಿದಳು. “ಉಪ್ಪು ನೀರು ಅಂದ್ರೆ ನಂಗೆ ಸಿಟ್ಟಿತ್ತು,” ಅಂದಳು. “ಸಣ್ಣವಳಿದ್ದಾಗ ಸಮುದ್ರಕ್ಕೆ ಕಲ್ಲು ಹೊಡೀತಿದ್ದೆ. ಆಯಿ ಕೇಳ್ತಿದ್ಲು, ಅದೆಂತಾ ಮಾಡ್ತದೆ ನಿಂಗೆ ಅಂತ.”

ಅಷ್ಟರಲ್ಲಿ ಖಾಲಿ ಬುಟ್ಟಿ ಸೊಂಟಕ್ಕಿಟ್ಟು ಮಂಜಿ ಬಂದಳು. ಅವಳೂ ಬಸ್ಸಿಗೇ. ನಮ್ಮಿಬ್ಬರ ಮುಖ ನೋಡಿ ತಮಾಷೆ ಮಾಡಲು ತೆರೆದ ಬಾಯನ್ನು ಮುಚ್ಚಿಕೊಂಡಳು; ಬುಟ್ಟಿಯನ್ನು ದೂರ ಇಟ್ಟು ಕಟ್ಟೆಯ ಆ ತುದಿಯಲ್ಲಿ ಕುಳಿತಳು. ಮೀನಿನ ನೀರು ಮಗುವಿಗೆ ಸಿಡಿಯಬಾರದೆಂದು.

“ಮಂಜಕ್ಕಾ,” ಅಂದಳು ಸುಮಿತಾ, “ವರ್ಷಪೂರ್ತಿ ಸೀ ನೀರಿರೂ ಜಾಗ ಎಲ್ಲದೆ? ಹಗಲು ಕೂಸು ನೋಡ್ಕಳ್ಳೂಕೆ ಒಬ್ರು ಬೇಕು.”

ನಾನು ಅವಳ ಕಡೆ ತಿರುಗಿದೆ. ಅವಳು ತಿರುಗಲಿಲ್ಲ.

“ನಮ್ಮಲ್ಲೇ ಅದೆ,” ಅಂದಳು ಮಂಜಿ. “ಗುಡ್ಡದ ಬುಡದ ಬಾವಿ, ಎಂಥಾ ಬೇಸಗೆಗೂ ಕೆಡೂದಿಲ್ಲ. ನನ್ನ ಸೊಸೆ ಕವಿತಾ ಎರಡು ಮಕ್ಳನ್ನ ನೋಡ್ಕಳ್ತದೆ, ಟೀಚರ್ ಒಬ್ರದ್ದು, ಬ್ಯಾಂಕಿನವ್ರದ್ದು ಒಂದು. ಹಿಂದಿನ ಕೋಣೆ ಖಾಲಿ ಅದೆ. ಆದ್ರೆ ಒಂದೇ ಕೋಣೆ, ಒಂದು ಅಡುಗೆಮನೆ. ಮೂರು ಜನಕ್ಕೆ ಸಣ್ಣದಾಗ್ತದೆ.”

“ನಾವಿಬ್ರೇ,” ಅಂದಳು ಸುಮಿತಾ.

ಅದೇ ಬಸ್ಸಿಗೆ ಮಂಜಿಯ ಜೊತೆ ಹೋಗಿ, ಪೇಟೆಯಲ್ಲಿ ಬಸ್ಸು ಬದಲಿಸಿ, ಕಾಳಿಯ ಸೇತುವೆ ದಾಟಿ ಚಿತ್ತಾಕುಲ ಸೇರಿದೆವು. ಕಚೇರಿಯಿಂದ ಸ್ಕೂಟಿಯಲ್ಲಿ ಎಷ್ಟು ಹೊತ್ತು ಎಂದು ಸುಮಿತಾ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದಳು. ಕಾಲು ಗಂಟೆ. ಮಧ್ಯಾಹ್ನ ಬಂದು ಹೋಗಬಹುದು.

ಕವಿತಾ ಇಪ್ಪತ್ತೈದರ ಹುಡುಗಿ. ಮಡಿಲಲ್ಲಿ ಒಂದು ಮಗು ಮಲಗಿಸಿಕೊಂಡು ಇನ್ನೊಂದಕ್ಕೆ ಗಂಜಿ ಕೊಡುತ್ತಿದ್ದವಳು ಮಲಗಿದ್ದನ್ನು ಚಾಪೆಗಿಳಿಸಿ ಎದ್ದು ಕೈ ತೊಳೆದು ಬಂದಳು. ಪ್ರಣಿತಾಳನ್ನು ಎತ್ತಿಕೊಳ್ಳಲು ಅವಸರ ಮಾಡಲಿಲ್ಲ. ಎದುರು ಕುಳಿತು ತನ್ನ ಬಳೆ ಆಡಿಸಿದಳು. ಮಗು ತಾನೇ ಬಾಗಿ ಅವಳ ಕಡೆ ಹೋಯಿತು. ನಾನು ಮಾಡು ನೋಡಿದೆ. ಜಂತಿಗೆ ಕಬ್ಬಿಣದ ಕೊಕ್ಕೆ ಆಗಲೇ ಇತ್ತು, ಹಗ್ಗ ತಿಕ್ಕಿ ತಿಕ್ಕಿ ನುಣ್ಣಗಾಗಿತ್ತು. ಬಾವಿಗೆ ಹೋಗಿ ನೀರು ಕುಡಿಯಲೂ ಇಲ್ಲ. ಕುಡಿದು ಹೇಳುವುದೇನಿತ್ತು?

“ಅಮ್ಮ ಇರೂದಿಲ್ವಾ ಇಲ್ಲಿ?” ಎಂದು ಕವಿತಾ ನನ್ನನ್ನು ತೋರಿಸಿ ಕೇಳಿದಳು.

“ಅವ್ರಿಗೆ ಅಂಕೋಲೆಯಲ್ಲಿ ಮನಿ ಅದೆ,” ಅಂದಳು ಸುಮಿತಾ. “ಶನಿವಾರ ಬಂದು ಹೋಗಿ ಮಾಡ್ತಾರೆ.”

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಕುಹಕವಿದ್ದಿದ್ದರೆ ನಾನು ಏನಾದರೂ ಹೇಳುತ್ತಿದ್ದೆ. ಒಳ್ಳೆಯ ಕೋಣೆ, ಒಳ್ಳೆಯ ನೀರು, ಒಳ್ಳೆಯ ಹುಡುಗಿ. ಮಗುವಿಗೆ ಜಾಗ ಆರಿಸಲು ಹೊರಟು ಅವಳು ಸರಿಯಾದದ್ದನ್ನೇ ಆರಿಸಿದ್ದಳು. ನಾನಾಗಿದ್ದರೆ ಗಾಳಿ ಬರುವ ಕಿಟಕಿ ನೋಡಿ ಸುಂಕೇರಿಯನ್ನು ಹಿಡಿದುಬಿಡುತ್ತಿದ್ದೆ, ಏಪ್ರಿಲ್‌ನಲ್ಲಿ ಮತ್ತೆ ಮೈತುಂಬ ಗುಳ್ಳೆ ಎದ್ದ ಕೂಸನ್ನು ಕಟ್ಟಿಕೊಂಡು ಕೂರುತ್ತಿದ್ದೆ.

ಮುಂದಿನ ಭಾನುವಾರ ಸಾಮಾನು ಸಾಗಿಸಿದೆವು. ತಾಮ್ರದ ಹಂಡೆ ಆ ಬಚ್ಚಲಿಗೆ ದೊಡ್ಡದಾಯಿತು. ರಾಜೇಶ ಅದನ್ನು ಎರಡು ಸಲ ತಿರುಗಿಸಿ ನೋಡಿ ಮತ್ತೆ ಟೆಂಪೋಕ್ಕೆ ಏರಿಸಿದ. ನಾನು ತಂದ ಹೊಸ ಹಗ್ಗದಲ್ಲಿ ಜೋಳಿಗೆ ಕಟ್ಟಿದೆ. ನೀರು ಕುಡಿಯಲು ಒಳಗೆ ಹೋಗಿ ಬರುವಷ್ಟರಲ್ಲಿ ಕವಿತಾ ಕುರ್ಚಿ ಹತ್ತಿ ನನ್ನ ಗಂಟನ್ನು ಬಿಚ್ಚಿ ಬೇರೆ ಹಾಕುತ್ತಿದ್ದಳು. ನನ್ನನ್ನು ಕಂಡು, “ಹಗ್ಗ ಬಹಳ ಗಟ್ಟಿ ಅದೆ ಅಕ್ಕೋರೇ, ಚಲೋದು ತಂದ್ರಿ,” ಎಂದಳು. ಗಂಟಿನ ಮಾತು ಎತ್ತಲಿಲ್ಲ. ಅವಳ ಆ ಉಪಕಾರವನ್ನು ನಾನು ಮರೆಯುವುದಿಲ್ಲ. ಅದು ಎಲ್ಲಿ ಚುಚ್ಚಿತೆಂಬುದನ್ನೂ ಮರೆಯುವುದಿಲ್ಲ.

ಮಗುವನ್ನು ಅದರಲ್ಲಿ ಮಲಗಿಸಿದರು. ನಾನು ಎರಡು ಸಲ ತೂಗಿದೆ. ಮಗು ಕಣ್ಣು ಬಿಟ್ಟು ನನ್ನನ್ನು ನೋಡಿತು, ಶನಿವಾರ ಬರುವವರನ್ನು ನೋಡುವ ಹಾಗೆಯೇನೂ ಅಲ್ಲ. ಅದಕ್ಕೆ ಇನ್ನೂ ವಾರಗಳು ಗೊತ್ತಿಲ್ಲ.

ಅಡುಗೆಮನೆಯಲ್ಲಿ ಮೀನಿನ ಸಾರು ಕುದಿಯುತ್ತಿತ್ತು. ಮಂಜಿ ಬೆಳಿಗ್ಗೆಯೇ ತಾರ್ಲೆ ಮೀನು ಕೊಟ್ಟು ಹೋಗಿದ್ದಳಂತೆ, ಹೊಸ ಬಿಡಾರಕ್ಕೆ ಎಂದು. ಊಟಕ್ಕೆ ಕೂರುವುದೆಂದರೆ ಇನ್ನೂ ಅರ್ಧ ಗಂಟೆ. ಟೆಂಪೋದವನು ಹಾರ್ನ್ ಹೊಡೆದ. ಅಂಕೋಲೆಯವರೆಗೆ ಹಂಡೆಯ ಜೊತೆ ನನ್ನನ್ನೂ ಕರೆದೊಯ್ಯುವೆನೆಂದು ಅವನೇ ಹೇಳಿದ್ದ. ನಾನು ಚೀಲ ತೆಗೆದುಕೊಂಡೆ. ಬರ್ತೇನೆ ಎಂದೆ. ಒಳಗಿನಿಂದ ಸುಮಿತಾಳ ಸೌಟಿನ ಸದ್ದು ಬಂತು.

ಟೆಂಪೋದಲ್ಲಿ ಕುಳಿತು ಬಾಗಿಲು ಎಳೆದುಕೊಳ್ಳುವಾಗ ಸುಮಿತಾ ಹೊರಗೆ ಬಂದಳು. ಸ್ಟೀಲಿನ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ತಂದಿದ್ದಳು. ಮಗುವಿಗೆಂದು ನಾನು ಕತ್ತರಿಸಿ ತಂದಿದ್ದ ವಾಯಿಲ್ ಸೀರೆಯ ತುಂಡು ಅದು. ಅಂಗಳದ ಕಲ್ಲುಗಳ ಮೇಲೆ ನಿಧಾನ ನಡೆದಳು, ಎರಡೂ ಕೈಯಲ್ಲಿ ಹಿಡಿದು, ನೆಲ ನೋಡುತ್ತ. ಕಿಟಕಿಯ ಬಳಿ ನಿಂತು ಬಿಸಿ ಡಬ್ಬಿಯನ್ನು ನನ್ನ ಮಡಿಲಲ್ಲಿಟ್ಟಳು.